ಕಂಬಿಗೂ ಒಂದು ಟ್ರಯಲ್

"ಅಜ್ಜಿ, ಕಂಬಿ ಹಿಡ್ಕೊಂಡು ನಿಂತ್ಕೊಳ್ಳಿ. ಒಂದೇ ಒಂದು ಫೋಟೋ."

ವಿದ್ಯಾರ್ಥಿನಿ ಮೊಬೈಲು ಎತ್ತಿ ನಿಂತಳು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಈ ಸಲ ಸಮಾಜಸೇವೆಯೂ ಒಂದು ವಿಷಯ. ಯಾರದಾದರೂ ಮನೆಯ ಒಂದು ತೊಂದರೆ ನೀಗಿಸಿ, ಇವತ್ತು ಐದು ಗಂಟೆಯೊಳಗೆ ವರದಿ ಒಪ್ಪಿಸಬೇಕು. ತಡವಾದರೆ ಹತ್ತು ಅಂಕ ಖೋತಾ. ಮಂಚದಿಂದ ಬಚ್ಚಲಿನವರೆಗಿನ ಇಕ್ಕಟ್ಟು ಹಾದಿಯ ಗೋಡೆಗೆ, ಅಜ್ಜಿ ಹಿಡಿದು ನಡೆಯಲೆಂದು ಅವಳು ಕೂರಿಸಿದ ಉಕ್ಕಿನ ಕಂಬಿ ಫಳಫಳ ಹೊಳೆಯುತ್ತಿತ್ತು. 'ಬಹಳ ಉಪಕಾರವಾಯಿತು' ಎಂದು ಅಜ್ಜಿ ನಿನ್ನೆಯೇ ಬರೆದು ಸಹಿ ಹಾಕಿದ್ದರು.

ಫೋಟೋ ಆಯಿತು. ಅಜ್ಜಿ ಕಂಬಿ ಬಿಟ್ಟು ಎದುರು ಗೋಡೆಗೆ ಅಂಗೈ ಊರಿ, "ಬಾರೇ, ಬಚ್ಚಲಿಗೆ ಹೋಗ್ಬೇಕು" ಎಂದು ಸೊಸೆಯನ್ನು ಕೂಗಿದರು.

ವಿದ್ಯಾರ್ಥಿನಿಯ ಮುಖ ಹುಳ್ಳಗಾಯಿತು. "ಕಂಬಿ ಇದೆಯಲ್ಲ ಅಜ್ಜಿ?"

"ಇದೆ ಕಣೇ, ಲಕ್ಷಣವಾಗಿದೆ."

ಕೈ ಒರೆಸಿಕೊಳ್ಳುತ್ತ ಬಂದ ಸೊಸೆ ಗುಟ್ಟು ಬಿಟ್ಟುಕೊಟ್ಟಳು. "ಅತ್ತೆ ಬೆನ್ನು ಬಾಗಿದೆಯಲ್ಲಮ್ಮ, ಅವರಿಗೆ ಎತ್ತರ ಆಯ್ತು. ಹುಡುಗಿ ಮಾರ್ಕ್ಸು ಹೋಗುತ್ತೆ, ನೀನು ಬಾಯಿ ಮುಚ್ಕೊಂಡಿರು ಅಂತ ನಂಗೆ ಅಂದ್ರು."

ವಿದ್ಯಾರ್ಥಿನಿ ಪುಸ್ತಕದಲ್ಲಿದ್ದ ಎತ್ತರವನ್ನು ಕೂದಲೆಳೆಯೂ ತಪ್ಪದಂತೆ ಪಾಲಿಸಿದ್ದಳು. ಗೋಡೆಯನ್ನು ಮೂರು ಸಲ ಅಳೆದವಳು ಅಜ್ಜಿಯನ್ನು ಒಂದು ಸಲವೂ ಅಳೆದಿರಲಿಲ್ಲ. ಅದೂ ನಲವತ್ತು ವರ್ಷ ಊರಿನ ಬಟ್ಟೆಯೆಲ್ಲ ಹೊಲಿದ ದರ್ಜಿ ಅಜ್ಜಿಯನ್ನು! ಅವಳಿಗೆ ನಾಚಿಕೆಯಾಯಿತು. ಗಂಟೆ ಮೂರೂವರೆ.

"ಬಿಚ್ಚಿ ಮತ್ತೆ ಕೂರಿಸ್ತೀನಿ ಅಜ್ಜಿ."

"ಹುಚ್ಚಾ ನಿಂಗೆ? ಸಹಿ ಬಿದ್ದಿದೆ, ಹೋಗಿ ಕೊಡು."

"ಕೈ ಸಡಿಲ ಬಿಟ್ಟು ನಿಂತ್ಕೊಳ್ಳಿ, ಅಳತೆ ತಗೋಬೇಕು."

ಅಜ್ಜಿ ಗೋಡೆಯಿಂದ ಕೈ ತೆಗೆದು ನಿಂತರು. ಸಾವಿರಾರು ಜನಕ್ಕೆ ತಾವೇ ಹೇಳಿದ್ದ ಮಾತು ಅದು. ತಮಗೆ ಯಾರೂ ಹೇಳಿರಲಿಲ್ಲ.

ಕಾಲೇಜಿಗೆ ಓಡಿ ಮತ್ತೆ ಡ್ರಿಲ್ಲು ತಂದು, ಕಂಬಿಯನ್ನು ಗೇಣುದ್ದ ಕೆಳಗಿಳಿಸುವಷ್ಟರಲ್ಲಿ ಐದೂಕಾಲು. ಹಳೆಯ ತೂತುಗಳು ಮೇಲೆ ಹಾಗೇ ಉಳಿದವು. ಮೇಷ್ಟ್ರ ಫೋನು ಬಂತು. ಮಂಚದ ಮೇಲಿದ್ದ ಅಜ್ಜಿ ಅದನ್ನು ಕಸಿದುಕೊಂಡರು.

"ಮೇಷ್ಟ್ರೇ, ಟ್ರಯಲ್ ನೋಡದೆ ಯಾರಾದ್ರೂ ಬಟ್ಟೆ ಕೊಟ್ಟು ಕಳಿಸ್ತಾರಾ? ತಡ ಆಗಿದ್ದಕ್ಕೆ ಹತ್ತು ಕಳೀರಿ, ಬೇಡ ಅನ್ನಲ್ಲ. ಬಿಚ್ಚಿ ಹೊಲಿದಿದ್ದಕ್ಕೆ ಇಪ್ಪತ್ತು ಹಾಕಿ!"

ಆ ಕಡೆಯಿಂದ ಜೋರು ನಗು ಕೇಳಿಸಿತು. ಅಂಕದ ಮಾತು ಮಾತ್ರ ಕೇಳಿಸಲಿಲ್ಲ.

ಅಜ್ಜಿ ಫೋನು ವಾಪಸು ಕೊಟ್ಟು, ಈಗಿನ ಕಾಲದ ಮೇಷ್ಟ್ರುಗಳನ್ನೆಲ್ಲ ಬೈಯುತ್ತಲೇ ಎದ್ದು ಹೊರಟರು. ಅವರ ಕೈ ಕಂಬಿಯ ಮೇಲೆ ತನ್ನ ಪಾಡಿಗೆ ಜಾರುತ್ತ ಹೋಯಿತು. ಸೊಸೆ ಅಭ್ಯಾಸಬಲದಿಂದ ಹಿಂದೆಯೇ ಬಂದಳು. ಬಚ್ಚಲ ಬಾಗಿಲು ಅವಳ ಮುಖದೆದುರೇ ಮುಚ್ಚಿತು. ಒಳಗಿಂದ ಚಿಲಕ ಹಾಕಿದ ಸದ್ದಾಯಿತು.