ಸಲಾಮನ ಸಾಧು ವೈರಸ್

ಎರಡು ಸಾವಿರದ ನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ನರಿಕೊಂಬಿನ ಭೋಜಣ್ಣನ ಬಾಳೆಗಿಡಗಳೆಲ್ಲ ಮುರುಟಿ ನಿಂತವು. ಎಲೆಗಳು ಬಿಚ್ಚದೆ ತುದಿಯಲ್ಲೇ ಗೊಂಚಲಾದವು, ಗಿಡ ಸೊಂಟದಿಂದ ಮೇಲೇಳಲಿಲ್ಲ. ಬೇಲಿಯಾಚೆ ಅಬ್ದುಲ್ ಸಲಾಮನ ತೋಟಕ್ಕೂ ಅದೇ ರೋಗ ತಗುಲಿತ್ತು. ಆದರೆ ಅಲ್ಲಿ ಎಲೆ ಕೊಂಚ ಕಿರಿದಾದದ್ದು ಬಿಟ್ಟರೆ ಗಿಡಗಳು ಬೆಳೆದು, ಸಣ್ಣದಾದರೂ ಗೊನೆ ಹಾಕಿದ್ದವು. ಭೋಜಣ್ಣನಿಗೆ ರೋಗಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇದು.

"ಬುಡಕ್ಕೆ ನೀನು ಏನೋ ಗುಟ್ಟಿನಲ್ಲಿ ಹಾಕ್ತಿ," ಎಂದ.

"ಸೆಗಣಿ ಹಾಕ್ತೇನೆ ಭೋಜಣ್ಣ. ನಿಮ್ಮ ಹಟ್ಟಿಯದ್ದೇ."

ಬಾಳೆರೋಗದ ಸಂಶೋಧನೆ ಮಾಡುತ್ತಿದ್ದ ಮೂಡುಬಿದಿರೆಯ ಕಾಂತಿ ಎರಡೂ ತೋಟದ ಎಲೆ ಒಯ್ದು ಪರೀಕ್ಷೆ ಮಾಡಿಸಿದಳು. ಫಲಿತಾಂಶ ಹೇಳಲು ಬಂದು ಸಲಾಮನ ಜಗಲಿಯಲ್ಲಿ ಕುಳಿತಳು.

"ಈ ವೈರಸಿನ ಡಿಎನ್‌ಎ ಒಂದೇ ಉದ್ದದ ದಾರ ಅಲ್ಲ, ಆರು ಬೇರೆ ಬೇರೆ ತುಂಡುಗಳಾಗಿ ಉಂಟು. ಒಂದೊಂದಕ್ಕೆ ಒಂದೊಂದು ಕೆಲಸ. ಸಲಾಮರ ತೋಟದ್ದರಲ್ಲಿ ಒಂದು ತುಂಡು ಸ್ವಲ್ಪ ಬೇರೆ ಥರ ಇದೆ. ಅದಕ್ಕೇ ರೋಗ ಸೌಮ್ಯ ಅಂತ ನಮ್ಮ ಅಂದಾಜು."

ಮರುದಿನವೇ ಕಲ್ಲಡ್ಕದ ಹೋಟೆಲಿನಲ್ಲಿ ಸಲಾಂ ಸುದ್ದಿ ಹಬ್ಬಿಸಿದ. "ನಮ್ಮದು ಸಾಧು ಜಾತಿಯ ವೈರಸ್ ಮಾರಾಯ್ರೇ. ಭೋಜಣ್ಣನದ್ದು ಸ್ವಲ್ಪ ಜೋರು."

ಅಲ್ಲೇ ಕುಳಿತಿದ್ದ ಭೋಜಣ್ಣ ಅರ್ಧ ಚಹಾ ಬಿಟ್ಟು ಎದ್ದುಹೋದ. ಮನೆಯಲ್ಲಿ ಹೆಂಡತಿ ಪ್ರಫುಲ್ಲಾ, "ರೋಗದಲ್ಲಿಯೂ ನಿಮಗೆ ಸ್ಪರ್ಧೆಯಾ?" ಎಂದಳು. ಹೇಗೂ ರೋಗ ತಪ್ಪದು, ಬರುವುದಾದರೆ ಸಾಧುವಾದದ್ದೇ ಬರಲಿ ಎಂದು ಅವನ ತಲೆಗೆ ಹೊಕ್ಕಿತ್ತು.

ಸಲಾಂ ಶುಕ್ರವಾರದ ನಮಾಜಿಗೆ ಹೋದದ್ದೇ ಭೋಜಣ್ಣ ಬೇಲಿ ದಾಟಿ ಬಾಳೆಯ ಕಂದೊಂದನ್ನು ಅಗೆಯತೊಡಗಿದ. ಅಡುಗೆಮನೆಯ ಕಿಟಕಿಯಿಂದ ಸಲಾಮನ ಹೆಂಡತಿ ಸೈನಬ ಕೂಗಿದಳು: "ಭೋಜಣ್ಣ, ಅದು ಬೇಡ. ಆಚೆಯದ್ದು ದಪ್ಪ ಉಂಟು."

ನಾಚಿಕೆಯಿಂದ ಅವನು ದಪ್ಪದ್ದನ್ನೇ ಒಯ್ದು ತನ್ನ ತೋಟದ ನಡುವೆ ನೆಟ್ಟ.

ಮುಂದಿನ ಸಲ ಬಂದ ಕಾಂತಿ ಆ ಕಂದು ಎಲ್ಲಿಯದೆಂದು ತಿಳಿದು ತಲೆಯ ಮೇಲೆ ಕೈ ಹೊತ್ತಳು. "ಒಂದೇ ಗಿಡಕ್ಕೆ ಎರಡೂ ಥರದ ವೈರಸ್ ಹೊಕ್ಕರೆ ತುಂಡುಗಳು ಅದಲುಬದಲಾಗಬಹುದು. ಆಮೇಲೆ ಎಂಥದ್ದು ಹುಟ್ತದೋ ಹೇಳಲಿಕ್ಕಾಗುದಿಲ್ಲ. ಈ ರೋಗ ಹರಡುವುದು ಬಾಳೆಯ ಹೇನು, ಅದಕ್ಕೆ ಮದ್ದು ಹೊಡೆದು ಎರಡೂ ತೋಟ ಬುಡಸಮೇತ ತೆಗೀಬೇಕು."

"ನಮ್ಮದು ಸಾಧು ಅಲ್ವಾ ಮೇಡಂ?" ಎಂದ ಸಲಾಂ.

"ಅದೇ ತೊಂದರೆ. ಸಾಧು ಅಂತ ನೀವು ಇಟ್ಕೊಳ್ತೀರಿ, ಹೇನು ಊರಿಗೆಲ್ಲ ಹಂಚ್ತದೆ."

ತನ್ನ ಗಿಡ ತಾನೇ ಕೀಳಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಭೋಜಣ್ಣ ಸಲಾಮನ ತೋಟಕ್ಕೆ, ಸಲಾಂ ಭೋಜಣ್ಣನದಕ್ಕೆ ಇಳಿಯುವುದೆಂದು ಒಪ್ಪಂದವಾಯಿತು. ಭೋಜಣ್ಣ ಬಹಳ ಉತ್ಸಾಹದಿಂದಲೇ ಪಿಕ್ಕಾಸು ಎತ್ತಿದ. ಗೊನೆ ಹೊತ್ತ ಮೊದಲ ಗಿಡದ ಮುಂದೆ ಮಾತ್ರ ಕೈ ತಡೆಯಿತು. ಆಚೆಯಿಂದ ಸಲಾಂ ಎಡೆಬಿಡದೆ ಕಡಿಯುವ ಸದ್ದು ಕೇಳಿಸಿತು. ಇವನ ಕೈಗೂ ಬಲ ಬಂತು.

ಸಂಜೆ ಸೈನಬ ಆ ಗೊನೆಯ ಕಾಯಿಯಿಂದ ಪೋಡಿ ಕರಿದು ತಂದಳು. ತಿಂದರೆ ಏನೂ ಆಗುವುದಿಲ್ಲ ಎಂದು ಕಾಂತಿ ಹೇಳಿದ್ದಳು. ಭೋಜಣ್ಣ ಒಂದರ ಮೇಲೊಂದು ತಿಂದ. ಬಹಳ ರುಚಿಯಾಗಿತ್ತು.

"ಉಪ್ಪು ಸ್ವಲ್ಪ ಕಮ್ಮಿ," ಎಂದು ಸಲಾಮನಿಗೆ ಕೇಳಿಸುವಂತೆ ಹೇಳಿ, ತಟ್ಟೆಯನ್ನು ಹತ್ತಿರ ಎಳೆದುಕೊಂಡ.