ಮೂಲೆ ಹರಿದ ಕಾರ್ಡು

ಏಣಿ ಹತ್ತಿ ಚಿಕ್ಕಮಾದಮ್ಮನ ಕೊಟ್ಟಿಗೆಯ ಸೂರಿನ ಹಳೇ ಹುಲ್ಲನ್ನು ಎಳೆದೆಳೆದು ಕೆಳಗೆ ಹಾಕುತ್ತಿದ್ದ ಪಕ್ಕದ ಮನೆಯ ಸಾಕಮ್ಮನ ಕೈಗೆ ಆ ಕಾರ್ಡು ಸಿಕ್ಕಿತು. ಕೆಳಗೆ ಕೂತು ಹೊಸ ಹುಲ್ಲನ್ನು ಹಿಡಿಹಿಡಿಯಾಗಿ ಕಟ್ಟುತ್ತಿದ್ದ ಚಿಕ್ಕಮಾದಮ್ಮನ ಕೈ ನಿಂತುಹೋಯಿತು.

"ಇದೇನಮ್ಮಿ, ಟಪ್ಪಾಲು ಕಾಗ್ದ ಸೂರಲ್ಲಿ ಸಿಗಸಿದ್ದೀಯ? ಕೋಳಿ ಓದ್ಲಿ ಅಂತಲಾ?"

"ಮೂಲೆ ನೋಡಕ್ಕ."

ಕಾರ್ಡಿಗೆ ಒಂದು ಮೂಲೆ ಇರಲಿಲ್ಲ. ಸಾಕಮ್ಮನ ನಗು ಅಲ್ಲೇ ಇಂಗಿತು. ಸಾವಿನ ಸುದ್ದಿಯ ಕಾಗದವನ್ನು ಮೂಲೆ ಹರಿದು ಕಳಿಸುವುದು, ಅಂಥದ್ದನ್ನು ಮನೆಯೊಳಗೆ ತರಬಾರದೆಂಬುದು ಎಲ್ಲರೂ ಬಲ್ಲದ್ದೇ.

ಚಿಕ್ಕಮಾದಮ್ಮನ ಒಬ್ಬನೇ ಮಗ ಮಾದೇವ ಎರಡು ವರ್ಷದ ಹಿಂದೆ, ಹದಿಮೂರು ತುಂಬಿದ್ದಾಗ, ಅಂತರಸಂತೆಯ ಕಾಡಂಚಿನಲ್ಲಿ ಯಾರದೋ ಗಂಧದ ತುಂಡು ಹೊತ್ತು ಸಿಕ್ಕಿಬಿದ್ದಿದ್ದ. ಹೊರಿಸಿದವನು ಓಡಿಹೋದ. ಗಂಧದ ಮರ ಮಹಾರಾಜರದು. ಹುಡುಗನನ್ನು ದೂರದ ಸುಧಾರಣಾ ಶಾಲೆಗೆ ಹಾಕಿದರು. ಹುಡುಗರ ಜೈಲು ಎನ್ನುತ್ತಿದ್ದರು ಊರಿನವರು. ಸಂಕ್ರಾಂತಿಯಾದ ಮರುವಾರ ಟಪ್ಪಾಲಿನವನು ಕಾರ್ಡು ತಂದು, "ಓದ್ಲೇನವ್ವ?" ಎಂದಾಗ, ಮೂಲೆ ಇಲ್ಲದ್ದನ್ನು ಕಂಡು ಅವಳು "ಬ್ಯಾಡ ಬುಡಪ್ಪ" ಎಂದು ಇಸಿದುಕೊಂಡಿದ್ದಳು. ಯಾರೂ ಓದದಿದ್ದರೆ ಮಗ ಇನ್ನೂ ಇದ್ದಾನೆ ಎಂದುಕೊಂಡಿರಬಹುದಲ್ಲ.

"ಮಗ ಬದುಕವ್ನೋ ಇಲ್ವೋ ತಿಳ್ಕಳೋದು ಬ್ಯಾಡ್ವೇನೇ? ನಡಿ ಮೇಷ್ಟ್ರ ತಾವ್ಕೆ" ಎಂದು ಸಾಕಮ್ಮ ಹುಲ್ಲಿನ ಧೂಳಿನಲ್ಲೇ ಅವಳನ್ನು ಎಳೆದುಕೊಂಡು ಹೋದಳು.

ಹಂಪಾಪುರದಲ್ಲಿ ಮಾದೇವನಿಗೆ ಅಕ್ಷರ ಕಲಿಸಿದ ಗೋವಿಂದಯ್ಯ ಮೇಷ್ಟ್ರು ಕಾರ್ಡನ್ನು ಬೆಳಕಿಗೆ ಹಿಡಿದರು.

"ಹರಿದಿದ್ದಲ್ಲ ಕಣಮ್ಮ ಇದು, ಟಪ್ಪಾಲು ಚೀಲದಲ್ಲಿ ಇಲಿ ಕಡಿದಿರೋದು. ಹಲ್ಲಿನ ಗುರುತು ನೋಡು. ಬರೆದಿರೋನು ನಿನ್ನ ಮಗನೇ."

ಚಿಕ್ಕಮಾದಮ್ಮ ಕೂತಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೇಷ್ಟ್ರು ಓದತೊಡಗಿದರು.

"ಅವ್ವನಿಗೆ ನಮಸ್ಕಾರ. ಮಾರ್ಚಿಯಲ್ಲಿ ಸರ್ಕಾರಿ ಪರೀಕ್ಷೆ. ಊರಿನ ಶಾಲೆಯಲ್ಲಿ ಐದನೇ ಕ್ಲಾಸು ಪಾಸಾದ ಸರ್ಟಿಫಿಕೇಟು ಫೆಬ್ರವರಿಯೊಳಗೆ ಬಾರದಿದ್ದರೆ ಕೂರಿಸುವುದಿಲ್ಲ. ಪಾಸಾದವರನ್ನು ಬೇಗ ಮನೆಗೆ ಬಿಡುತ್ತಾರೆ. ಈ ಸಲ ತಪ್ಪಿದರೆ ನನಗೆ ಹದಿನಾರಾಗುತ್ತದೆ, ಆಮೇಲೆ ಓದು ಇಲ್ಲ, ನೇಯ್ಗೆ ಕೊಠಡಿಗೆ ಹಾಕಿ ಹದಿನೆಂಟರವರೆಗೂ ಇಟ್ಟುಕೊಳ್ಳುತ್ತಾರೆ. ಮೇಷ್ಟ್ರನ್ನು ಕೇಳು. ಅವರು ಕೊಡುತ್ತಾರೆ."

"ಈಗ ಯಾವ್ ತಿಂಗ್ಳು ಸೋಮಿ?"

"ಮೇ."

ಸಾಕಮ್ಮ ಬಾಗಿಲ ಕಡೆ ತಿರುಗಿ ನಿಂತಳು. ಚಿಕ್ಕಮಾದಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು ಇಲಿ ಕಡಿದ ಜಾಗವನ್ನು ಸವರುತ್ತಲೇ ಇದ್ದಳು.

"ಬರ್ಕೊಡಿ ಸೋಮಿ, ಆ ಸರ್ಟಿಪಿಕೀಟು."

"ಇನ್ನು ಅದ್ರಿಂದ ಏನೂ ಆಗಲ್ಲಮ್ಮ."

"ಗೊತ್ತಾಯ್ತು. ಬರ್ಕೊಡಿ. ಕೇಳಿದ್ನಲ್ಲ ಮಗ."

ಮೇಷ್ಟ್ರು ಹಳೇ ರಿಜಿಸ್ಟರು ತೆಗೆದು ಹೆಸರು ಹುಡುಕಿ ಬರೆದರು. ಎರಡು ವರ್ಷ ಲೆಕ್ಕದಲ್ಲಿ ಮೊದಲನೆಯವನಾಗಿದ್ದ. ಅದನ್ನೂ ಬರೆದು ಮೊಹರು ಒತ್ತಿದರು. ಜೊತೆಗೊಂದು ಹಾಳೆ ಇಟ್ಟುಕೊಂಡು, "ನೀನೇನು ಹೇಳ್ತೀಯಮ್ಮ?" ಎಂದರು.

ಅವಳು ಮಗನ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅವ್ನು ಸತ್ತ ಅಂದ್ಕಂಡಿದ್ದೆ ಅಂತ ಬರೀಬ್ಯಾಡಿ. ಅವ್ವಂದೇ ತಪ್ಪು, ತಡ ಆಯ್ತು ಅಂತ ಬರೀರಿ. ಅಷ್ಟೇ."

ಲಕೋಟೆ ಅಂಟಿಸಿ ಕೊಟ್ಟರು. ಟಪ್ಪಾಲು ಡಬ್ಬಿಯ ಮುಂದೆ ಚಿಕ್ಕಮಾದಮ್ಮ ಅದರ ನಾಲ್ಕು ಮೂಲೆಯನ್ನೂ ಒಂದೊಂದಾಗಿ ಹೆಬ್ಬೆರಳಿಂದ ಮುಟ್ಟಿ ನೋಡಿದಳು. ನಾಲ್ಕೂ ಇದ್ದವು. ಒಳಗೆ ಬಿಟ್ಟಳು.