ನಾಲ್ಕು ಜನರನ್ನು ಕೇಳಿ ಕೊಂಡ ಷೇರು

ನಾದಿನಿಯ ಗಂಡ ನಕ್ಕರೆ ಸಾಕು, ನನ್ನ ಕೈ ಪರ್ಸನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ. ಅಂದು ಆಸಾಮಿ ಬಾಯ್ತುಂಬ ನಗುತ್ತ ನಮ್ಮ ಕ್ಷೌರದಂಗಡಿಗೆ ಬಂದು, ಯಾರೂ ಹೆಸರೇ ಕೇಳದ ಒಂದು ಪಂಪಿನ ಕಂಪನಿಯ ಷೇರು ಕೊಳ್ಳಿ ಎಂದ. ಒಂದು ಷೇರಿಗೆ ಒಂದು ಬ್ಲೇಡಿನಷ್ಟೂ ಬೆಲೆಯಿಲ್ಲವಂತೆ!

"ಇಷ್ಟು ಕಮ್ಮಿ ಇರೋದು ಏರೋಕೇ ಅಕ್ಕ."

"ಇಳಿಯೋಕೆ ಯಾರಪ್ಪನ ಅಪ್ಪಣೆ ಬೇಕು?" ಎಂದೆ.

ನಮ್ಮಲ್ಲಿದ್ದದ್ದು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ. ನಮ್ಮ ಅಂಗಡಿಯಿದ್ದ ಬಾಡಿಗೆ ಮಳಿಗೆಯನ್ನು ಮಾಲೀಕರು ಮಾರುವವರಿದ್ದರು. ನಾವೇ ಕೊಳ್ಳದಿದ್ದರೆ ಕುರ್ಚಿ, ಕನ್ನಡಿ ಸಮೇತ ಬೀದಿಪಾಲು. ಇದ್ದ ಹಣ ಸಾಲುತ್ತಿರಲಿಲ್ಲ. "ಷೇರಲ್ಲಿ ದುಡ್ಡು ಬೆಳೆದ್ರೆ ಅಂಗಡಿ ನಮ್ದೇ ಕಣೆ," ಎಂದು ನಮ್ಮವರು ಬಾಯಿ ಬಿಟ್ಟರು. ನಾನು ಬಿಡುವವಳೇ? "ಅವನ ಮಾತು ಕಟ್ಕೊಂಡು ಕುಣೀಬೇಡಿ. ಮೊದಲು ನಾಲ್ಕು ಜನರನ್ನ ವಿಚಾರಿಸಿ."

ವಿಚಾರಿಸಿದರು. ಕುರ್ಚಿಯಲ್ಲಿ ಕೂತವರ ಗಲ್ಲಕ್ಕೆ ನೊರೆ ಹಚ್ಚುತ್ತ, ದನಿ ತಗ್ಗಿಸಿ, ಆ ಕಂಪನಿ ಹೇಗೆ ಎಂದು ಒಬ್ಬೊಬ್ಬರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಕುರ್ಚಿಯ ಹಿಂದೆ ಟವೆಲ್ ಮಡಚುತ್ತಿದ್ದ ನನಗೆ ಸಮಾಧಾನವಾಯಿತು.

ಅದೇ ಗಿರಾಕಿಗಳು ಮುಂದಿನ ಸಲ ಕಟಿಂಗಿಗೆ ಬಂದಾಗ ಅವರ ವರಸೆಯೇ ಬೇರೆ. "ಆ ಪಂಪಿನ ಕಂಪನಿ ಭಾಳ ಒಳ್ಳೇದಂತೆ ಕಣ್ರಿ," ಎಂದರು ದರ್ಜಿ. ಔಷಧಿ ಅಂಗಡಿಯವರೂ ಅದನ್ನೇ ಹೇಳಿದರು. ಬೆಲೆಯೂ ಏರುತ್ತಿತ್ತು. ಎಲ್ಲರೂ ಸೇರಿ ನಮಗೇ ಯಾಕೆ ಸುಳ್ಳು ಹೇಳುತ್ತಾರೆ? ನಾನೇ ಹಣ ತೆಗೆದುಕೊಟ್ಟೆ.

ಆಮೇಲೆ ಬೆಲೆ ದಿನಾ ಕುಸಿಯಿತು. ನಾದಿನಿಯ ಗಂಡ ಫೋನ್ ಎತ್ತಲಿಲ್ಲ. ಮಾರೋಣವೆಂದರೆ ಕೊಳ್ಳುವವರೇ ಇಲ್ಲ. ದರ್ಜಿ ಬಂದಾಗ ಮೈಯೆಲ್ಲ ಉರಿದು ಕೇಳಿಯೇಬಿಟ್ಟೆ. "ಒಳ್ಳೇ ಕಂಪನಿ ಅಂತ ನಿಮಗೆ ಯಾರ್ರೀ ಹೇಳಿದ್ದು?"

"ಔಷಧಿ ಅಂಗಡಿಯವರು. ಅವರಿಗೆ ನಿಮ್ಮ ಯಜಮಾನರೇ ಗುಟ್ಟಾಗಿ ಹೇಳಿದ್ರಂತಲ್ಲ! ನಾನೂ ತಗೊಂಡು ಕೈ ಸುಟ್ಕೊಂಡೆ," ಎಂದು ಮುಖ ಗಂಟಿಕ್ಕಿಕೊಂಡು ಹೊರಟುಹೋದರು.

ಅಯ್ಯೋ ದೇವರೇ! ನಾವು ಕೇಳಿದ್ದು ನಮ್ಮದೇ ಪಿಸುಮಾತನ್ನು; ಇವರು ಕೇಳಿದ ಪ್ರಶ್ನೆಯೇ ಗುಟ್ಟಿನ ಸಲಹೆಯಾಗಿ ತಿರುಗಿ ಬಂದಿತ್ತು. ವಿಚಾರಿಸಿ ಎಂದವಳು ನಾನೇ.

ಅಷ್ಟರಲ್ಲಿ ನಮ್ಮ ಹಳೇ ಗಿರಾಕಿ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿದರು. "ಅಲ್ಲಯ್ಯಾ, ಆ ಷೇರು ಈಗ ಅಗ್ಗ ಆಗಿದೆಯಂತೆ. ರಿಟೈರ್ ಆದ ದುಡ್ಡು ಬಂದಿದೆ. ನೀನು ಹೂಂ ಅಂದ್ರೆ ಅಷ್ಟಕ್ಕೂ ತಗೋತೀನಿ."

ಅವರು ಕೊಂಡರೆ ನಮ್ಮದು ಮಾರಿಹೋಗುತ್ತಿತ್ತು. ಕತ್ತಿ ಹಿಡಿದ ಕೈ ನಿಂತಿತು. ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಕಂಡವರನ್ನೆಲ್ಲ ಅನುಮಾನಿಸುವ ನಾನು, ಬೇಡ ಎಂದು ತಲೆಯಾಡಿಸಲಿಲ್ಲ.